ಶತ್ರುಗಳ ಕೈ ಕುಲುಕಿಸಿ ಎಂದ ಫ್ಯಾಕ್ಸ್

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಟ್ವೈಕ್ರಾಸ್ ಎಂಬ ಹಳ್ಳಿಯಿದೆ. ಅಲ್ಲಿನ ಹಳೆಯ ಫಾರ್ಮ್‌ಹೌಸೊಂದರಲ್ಲಿ ಸುಮಾರು ಹತ್ತು ಮಂದಿ ತರುಣರು 1995ರಿಂದ ಎರಡೂವರೆ ವರ್ಷ ಕೂತು ಒಂದು ಜೇಮ್ಸ್ ಬಾಂಡ್ ಸಿನಿಮಾವನ್ನು ವಿಡಿಯೋ ಗೇಮ್ ಆಗಿ ಮಾಡುತ್ತಿದ್ದರು. ಕೆಲಸ ಇನ್ನೇನು ಮುಗಿಯಬೇಕು ಎನ್ನುವ ಹೊತ್ತಿಗೆ ಜಪಾನಿನಿಂದ ಅವರಿಗೊಂದು ಫ್ಯಾಕ್ಸ್ ಬಂತು. ಕಳಿಸಿದವರು ಸಾಮಾನ್ಯರಲ್ಲ. ದಪ್ಪ ಮೀಸೆಯ ಮಾರಿಯೋನನ್ನು ಸೃಷ್ಟಿಸಿ ಜಗತ್ತಿನ ಮಕ್ಕಳನ್ನೆಲ್ಲ ಟಿ.ವಿ. ಮುಂದೆ ಕೂರಿಸಿದ 'ನಿಂಟೆಂಡೊ' ಕಂಪನಿಯ ಶಿಗೆರು ಮಿಯಾಮೊಟೊ.

ಫ್ಯಾಕ್ಸಿನಲ್ಲಿ ಹಲವು ಸಲಹೆಗಳಿದ್ದವು. ತೀರ ಹತ್ತಿರದಿಂದ ಮನುಷ್ಯರನ್ನು ಕೊಲ್ಲುವುದು ಈ ಆಟದಲ್ಲಿ ಜಾಸ್ತಿಯಾಯಿತು, ನೋಡಲು ಭೀಕರವಾಗಿದೆ ಎಂಬುದು ಒಂದು. ಇಷ್ಟೊಂದು ಸಾವುಗಳಿಂದ ಆಟವೇ ದುರಂತದಂತೆ ತೋರುತ್ತಿದೆ. ಕೊನೆಯಲ್ಲಿ ಬಾಂಡ್ ಆಸ್ಪತ್ರೆಗೆ ಹೋಗಿ, ತಾನು ಹೊಡೆದ ಶತ್ರುಗಳನ್ನೆಲ್ಲ ಕಂಡು ಒಬ್ಬೊಬ್ಬರ ಕೈ ಕುಲುಕುವಂತೆ ಮಾಡಿದರೆ ಚೆನ್ನಾಗಿರುತ್ತದಲ್ಲವೇ ಎಂಬುದು ಇನ್ನೊಂದು!

ನಗು ಬರುತ್ತದೆ, ನಿಜ. ಕೊಲ್ಲುವ ಪರವಾನಗಿ ಪಡೆದ ಗೂಢಚಾರ ಕಿತ್ತಳೆ ಹಣ್ಣು ಹಿಡಿದು ಆಸ್ಪತ್ರೆಯ ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಹೋಗುವುದನ್ನು ಕಲ್ಪಿಸಿಕೊಳ್ಳಿ. (ಕಿತ್ತಳೆ ಹಣ್ಣು ನನ್ನ ಸೇರ್ಪಡೆ.) ಆದರೆ ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಮಗ ಅಥವಾ ಮಗಳು ಕೋಣೆಯಲ್ಲಿ ಕೂತು ಪರದೆಯ ಮೇಲೆ ಒಬ್ಬನಾದ ಮೇಲೊಬ್ಬನನ್ನು ಉರುಳಿಸುತ್ತಿರುವಾಗ ಬಾಗಿಲ ಬಳಿ ನಿಂತ ತಾಯಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಯೂ ಅದೇ ತಾನೆ? ಅಮ್ಮ ಕೇಳಿದರೆ ಅದು ಕಾಟ ಎನಿಸುತ್ತದೆ. ಮಾರಿಯೋನ ಅಪ್ಪ ಕೇಳಿದರೆ ಸುದ್ದಿಯಾಗುತ್ತದೆ. ಆದ್ದರಿಂದ ಈ ವಾರ ಆ ಆಟದೊಳಕ್ಕೇ ಹೋಗಿ ನೋಡೋಣ.

ಆಟದ ಹೆಸರು 'ಗೋಲ್ಡನ್‌ಐ 007'. ಇದೇ ಹೆಸರಿನ ಸಿನಿಮಾ 1995ರ ನವೆಂಬರಿನಲ್ಲಿ ತೆರೆಕಂಡಿತು. ಪಿಯರ್ಸ್ ಬ್ರಾಸ್ನನ್ ಮೊದಲ ಬಾರಿಗೆ ಬಾಂಡ್ ಆದದ್ದು ಅದರಲ್ಲೇ. ಬಾಂಡ್‌ನ ಸೃಷ್ಟಿಕರ್ತ ಇಯಾನ್ ಫ್ಲೆಮಿಂಗ್ ಈ ಕತೆ ಬರೆದವರಲ್ಲ. ಜಮೈಕಾ ದ್ವೀಪದಲ್ಲಿದ್ದ ಅವರ ಮನೆಯ ಹೆಸರು ಗೋಲ್ಡನ್‌ಐ, ಚಿತ್ರ ಆ ಹೆಸರನ್ನು ಎರವಲು ಪಡೆಯಿತು. ಸಿನಿಮಾ ಬಂದಾಗಲೇ ಅದರ ಗೇಮ್ ಕೂಡ ಅಂಗಡಿಗೆ ಬರಬೇಕು, ಬಿಸಿ ಆರುವ ಮುನ್ನ ಮಾರಾಟವಾಗಬೇಕು ಎಂಬುದು ಈ ವ್ಯಾಪಾರದ ಸೂತ್ರ. ಆದರೆ ಟ್ವೈಕ್ರಾಸ್‌ನ 'ರೇರ್' ಸಂಸ್ಥೆಯ ತಂಡ ಆಟ ಮುಗಿಸಿ ಕೊಟ್ಟದ್ದು 1997ರ ಆಗಸ್ಟಿನಲ್ಲಿ. ಆಗ ಮುಂದಿನ ಬಾಂಡ್ ಚಿತ್ರ ಬಿಡುಗಡೆಗೆ ತಯಾರಾಗುತ್ತಿತ್ತು! ಹಳಸಿದ ಊಟ ಎಂದು ಜನ ದೂರ ಸರಿಯಬೇಕಿತ್ತು. ಹಾಗಾಗಲಿಲ್ಲ. 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು.

ತಂಡದ ಮುಖ್ಯಸ್ಥ ಮಾರ್ಟಿನ್ ಹಾಲಿಸ್. ಉಳಿದವರಲ್ಲಿ ಬಹುಪಾಲು ಮಂದಿಗೆ ಗೇಮ್ ತಯಾರಿಸಿ ಗೊತ್ತೇ ಇರಲಿಲ್ಲ. ಡೇವಿಡ್ ಡೋಕ್ ಎಂಬುವರು ಆಕ್ಸ್‌ಫರ್ಡಿನಲ್ಲಿ ಜೀವರಸಾಯನ ವಿಜ್ಞಾನದ ಸಂಶೋಧನೆ ಬಿಟ್ಟು ಬಂದವರು. ಯಾವ ಯಂತ್ರಕ್ಕಾಗಿ ಆಟ ಬರೆಯುತ್ತಿದ್ದರೋ ಆ 'ನಿಂಟೆಂಡೊ 64' ಕೆಲಸ ಶುರುವಾದಾಗ ಇನ್ನೂ ತಯಾರಾಗಿರಲಿಲ್ಲ. ಅದರ ಶಕ್ತಿ ಎಷ್ಟಿರಬಹುದು ಎಂದು ಅಂದಾಜು ಮಾಡಿಕೊಂಡೇ ಮುಂದುವರಿದರು. ಪ್ರಯೋಗಕ್ಕೆ ಕೈಯಲ್ಲಿ ಹಿಡಿದದ್ದು ಎದುರಾಳಿ ಕಂಪನಿ 'ಸೆಗಾ'ದ ಕಂಟ್ರೋಲರ್! ಕೊನೆಗೆ ಯಂತ್ರ ಬಂದಾಗ ಅದರಲ್ಲಿದ್ದ ಮೆಮೊರಿ 4 ಎಂಬಿ. ಇಡೀ ಆಟ ಕೂತದ್ದು 12 ಎಂಬಿಯ ಒಂದು ಕ್ಯಾಸೆಟ್ಟಿನಲ್ಲಿ. ಇಂದು ನಿಮ್ಮ ಮೊಬೈಲಿನಲ್ಲಿ ತೆಗೆದ ಮೂರು ನಾಲ್ಕು ಫೋಟೋಗಳಿಗೆ ಬೇಕಾಗುವಷ್ಟು ಜಾಗ ಅದು.

ಬಾಂಡ್ ಎಂದರೆ ಯಾರು ಎಂದು ಕೇಳುವ ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಮಕ್ಕಳು ಒಂದೇ ಮಾತಿನಲ್ಲಿ ಹೇಳಬಹುದು: ಸಿ.ಐ.ಡಿ. 999ರ ವಿಲಾಯತಿ ಅಣ್ಣ. 1968ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಕೈಗೆ ಪಿಸ್ತೂಲು ಕೊಟ್ಟು ಏಜೆಂಟ್ ಪ್ರಕಾಶ್ ಎಂದು ಕರೆದಾಗ ಅವರ ಕಣ್ಣ ಮುಂದಿದ್ದವನು ಇದೇ 007. ಮುಂದೆ ಗೋವಾಕ್ಕೂ ಹೋಗಿಬಂದ ಆ ಪತ್ತೇದಾರ 1978ರವರೆಗೆ ಒಟ್ಟು ನಾಲ್ಕು ಚಿತ್ರಗಳಲ್ಲಿ ಕಾಣಿಸಿಕೊಂಡ. ಮನೆಯ ಹಿರಿಯರು ಟೆಂಟಿನಲ್ಲಿ ಕೂತು ಶಿಳ್ಳೆ ಹೊಡೆದದ್ದಕ್ಕೂ ಮೊಮ್ಮಗ ಪರದೆಗೆ ಅಂಟಿಕೊಂಡದ್ದಕ್ಕೂ ಕಾರಣ ಒಂದೇ ಇದ್ದೀತು. ವ್ಯತ್ಯಾಸವೆಂದರೆ, ಸಿನಿಮಾದಲ್ಲಿ ಗುಂಡು ಹಾರಿಸುವವನು ಹೀರೋ. ಆಟದಲ್ಲಿ ನೀವೇ.

ಆಟ ಶುರುವಾಗುವುದು ಒಂದು ಅಣೆಕಟ್ಟಿನ ಬಳಿ. ಕತೆಯ ಪ್ರಕಾರ ಅದು ಸೋವಿಯತ್ ರಷ್ಯಾದ ಅರ್ಖಾಂಗೆಲ್ಸ್ಕ್. (ಸಿನಿಮಾದವರು ಚಿತ್ರೀಕರಿಸಿದ್ದು ಸ್ವಿಟ್ಜರ್ಲೆಂಡಿನ ವೆರ್ಜಾಸ್ಕಾ ಅಣೆಕಟ್ಟಿನಲ್ಲಿ. 220 ಮೀಟರ್ ಎತ್ತರದ ಅದರ ನೆತ್ತಿಯಿಂದ ಸಾಹಸ ಕಲಾವಿದರೊಬ್ಬರು ಹಗ್ಗ ಕಟ್ಟಿಕೊಂಡು ನಿಜವಾಗಿಯೇ ಧುಮುಕಿದ್ದರು.) ನಿಮ್ಮ ಕೈಯಲ್ಲಿ ಸೈಲೆನ್ಸರ್ ಹಾಕಿದ ಒಂದು ಪಿಸ್ತೂಲು. ಮುಂದೆ ಸುರಂಗ, ಲಾರಿ, ಕಾವಲು ಗೋಪುರಗಳು. ದೂರದಲ್ಲಿ ಒಬ್ಬ ಕಾವಲುಗಾರ ನಿಂತಿದ್ದಾನೆ. ಅವನಿಗೆ ನೀವು ಬಂದಿರುವುದು ಗೊತ್ತಿಲ್ಲ. ಸೀನುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ, ಮುಖದ ಸುತ್ತ ಹಾರುವ ನೊಣ ಓಡಿಸುತ್ತಾನೆ. 1997ರಲ್ಲಿ ಇದನ್ನು ಮೊದಲ ಸಲ ನೋಡಿದ ಹುಡುಗರು ಬೆರಗಾದದ್ದು ಸಹಜ. ಅದಕ್ಕೆ ಮುಂಚಿನ ಆಟಗಳಲ್ಲಿ ಶತ್ರುವಿಗೆ ನೊಣದ ಕಾಟ ಇರಲಿಲ್ಲ. ಅವನ ಬದುಕಿಗೆ ಇದ್ದ ಏಕೈಕ ಉದ್ದೇಶ ನಿಮ್ಮನ್ನು ಕಂಡ ಕೂಡಲೇ ನುಗ್ಗಿ ಬರುವುದು, ಸಾಯುವುದು.

1993ರ 'ಡೂಮ್' ಇದಕ್ಕೆ ಒಳ್ಳೆಯ ಉದಾಹರಣೆ. ಅದು ಮಹತ್ವದ ಆಟ, ಅನುಮಾನವಿಲ್ಲ. ಆದರೆ ಅದರ ನೀತಿ ಸರಳ: ಅಲುಗಾಡಿದ್ದನ್ನೆಲ್ಲ ಹೊಡಿ. ಟ್ವೈಕ್ರಾಸ್ ತಂಡವೂ ಮೊದಲಿಗೆ ಅಂಥದ್ದೇ ಒಂದನ್ನು, ಇನ್ನೂ ಸರಳವಾದದ್ದನ್ನು, ಯೋಚಿಸಿತ್ತು. ಆಟಗಾರ ಹಳಿಯ ಮೇಲಿನ ಟ್ರಾಲಿಯಂತೆ ತಾನಾಗಿ ಮುಂದೆ ಸಾಗುತ್ತಿರಬೇಕು, ಎದುರಾದವರಿಗೆ ಗುರಿಯಿಟ್ಟು ಹೊಡೆಯುತ್ತಿರಬೇಕು, ಅಷ್ಟೆ. ಆಮೇಲೆ ಹಳಿ ಕಿತ್ತುಹಾಕಿ ಆಟಗಾರನನ್ನು ಕಾಲ್ನಡಿಗೆಗೆ ಬಿಟ್ಟರು. ಆಗ ಎಲ್ಲವೂ ಬದಲಾಯಿತು. ಎಲ್ಲಿ ನಿಲ್ಲಬೇಕು, ಯಾವ ಬಾಗಿಲು ತೆರೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬ ಪ್ರಶ್ನೆಗಳು ಹುಟ್ಟಿಕೊಂಡವು.

ಯಾವಾಗ ಸುಮ್ಮನಿರಬೇಕು ಎಂಬುದು ಇಲ್ಲಿ ದೊಡ್ಡ ವಿಷಯ. ಈ ಆಟದಲ್ಲಿ ಸದ್ದಿಗೆ ಬೆಲೆಯಿದೆ. ಸೈಲೆನ್ಸರ್ ಇಲ್ಲದ ಬಂದೂಕು ಸಿಡಿಸಿದರೆ ಅಕ್ಕಪಕ್ಕದ ಕೋಣೆಯ ಕಾವಲುಗಾರರಿಗೆ ಕೇಳಿಸುತ್ತದೆ, ಅವರು ಓಡಿಬರುತ್ತಾರೆ. ನಿಮ್ಮನ್ನು ಕಂಡವನೊಬ್ಬ ಗೋಡೆಯ ಅಲಾರಂ ಕಡೆ ಓಡಿದರೆ ಮುಗಿಯಿತು, ಊರಿಗೆ ಊರೇ ಎದ್ದುಬರುತ್ತದೆ. ಆದ್ದರಿಂದ ಜಾಣ ಆಟಗಾರ ಮೊದಲು ನೋಡುತ್ತಾನೆ. ದುರ್ಬೀನು ಕೂಡಿಸಿದ ಬಂದೂಕಿನಿಂದ ದೂರದ ಗೋಪುರವನ್ನು ಹತ್ತಿರಕ್ಕೆಳೆದು ಎಷ್ಟು ಜನ ಇದ್ದಾರೆ, ಅಲಾರಂ ಪೆಟ್ಟಿಗೆ ಎಲ್ಲಿದೆ ಎಂದು ಲೆಕ್ಕ ಹಾಕುತ್ತಾನೆ. ಗುಂಡು ಅವನ ಕೊನೆಯ ಉತ್ತರ. ಬಂದೂಕಿನ ಆಟವೊಂದು ಮಕ್ಕಳಿಗೆ ತಾಳ್ಮೆ ಕಲಿಸಿತು ಎಂದರೆ ಅತಿಶಯೋಕ್ತಿಯಾದೀತು. ತಾಳ್ಮೆ ಇಲ್ಲದವನನ್ನು ಸೋಲಿಸಿತು ಎನ್ನಲು ಅಡ್ಡಿಯಿಲ್ಲ.

ಕಷ್ಟದ ಮಟ್ಟ ಏರಿಸುವ ವಿಧಾನ ಇನ್ನೂ ಸ್ವಾರಸ್ಯವಾಗಿದೆ. ಸಾಮಾನ್ಯವಾಗಿ ಕಷ್ಟ ಹೆಚ್ಚಿಸುವುದೆಂದರೆ ಶತ್ರುಗಳನ್ನು ಹೆಚ್ಚಿಸುವುದು, ಇಲ್ಲವೇ ಅವರ ಗುಂಡಿನ ಬಿರುಸು ಹೆಚ್ಚಿಸುವುದು. ಇಲ್ಲಿ ಅದೂ ಇದೆ, ಆದರೆ ಅದಕ್ಕಿಂತ ಮುಖ್ಯವಾಗಿ ಹೊಣೆ ಹೆಚ್ಚುತ್ತದೆ. 'ಏಜೆಂಟ್' ಎಂಬ ಸುಲಭದ ಮಟ್ಟದಲ್ಲಿ ಅಣೆಕಟ್ಟಿನಿಂದ ಧುಮುಕಿದರೆ ಸಾಕು. 'ಸೀಕ್ರೆಟ್ ಏಜೆಂಟ್' ಮಟ್ಟದಲ್ಲಿ ಅಲಾರಂಗಳನ್ನೆಲ್ಲ ನಾಶಮಾಡಬೇಕು. '00 ಏಜೆಂಟ್' ಆದರೆ ಗುಟ್ಟಾಗಿ ಒಂದು ಮೋಡೆಮ್ ಅಂಟಿಸಬೇಕು, ಶತ್ರುವಿನ ಮಾಹಿತಿಯನ್ನು ಕದಿಯಬೇಕು, ಆಮೇಲೆ ಧುಮುಕಬೇಕು. ಜಾಗ ಅದೇ. ಆದರೆ ನಿನ್ನೆ ಓಡಿಹೋಗಿದ್ದ ಹಾದಿಯಲ್ಲಿ ಇವತ್ತು ಪ್ರತಿ ಕೋಣೆಯ ಬಾಗಿಲು ತಟ್ಟಬೇಕಾಗುತ್ತದೆ. ಅದೇ ಪಾಠವನ್ನು ಏಳನೇ ತರಗತಿಯಲ್ಲಿ ಒಮ್ಮೆ, ಹತ್ತನೇ ತರಗತಿಯಲ್ಲಿ ಇನ್ನೊಮ್ಮೆ ಓದಿದ ಹಾಗೆ. ಈ ಯೋಚನೆಗೆ ಸ್ಫೂರ್ತಿ ಕೊಟ್ಟದ್ದು ಮಿಯಾಮೊಟೊ ಅವರದೇ 'ಸೂಪರ್ ಮಾರಿಯೋ 64' ಎಂದು ಹಾಲಿಸ್ ಹೇಳಿದ್ದಾರೆ.

ಇನ್ನು ಫ್ಯಾಕ್ಸಿನ ಪ್ರಶ್ನೆಗೆ ಬರೋಣ.

ಅಣೆಕಟ್ಟಿನ ನಂತರದ ಹಂತ ಒಂದು ರಾಸಾಯನಿಕ ಕಾರ್ಖಾನೆ. ಬಾಂಡ್ ಗಾಳಿಕೊಳವೆಯಲ್ಲಿ ತೆವಳಿ ಶೌಚಾಲಯದ ನೆತ್ತಿಗೆ ಬಂದಿರುತ್ತಾನೆ. ಒಳಗೆ ಸೈನಿಕರ ಜೊತೆ ಬಿಳಿ ಕೋಟಿನ ವಿಜ್ಞಾನಿಗಳೂ ಇದ್ದಾರೆ. ನೀವು ಪಿಸ್ತೂಲು ತೋರಿಸಿದರೆ ಅವರು ಕೈಯೆತ್ತುತ್ತಾರೆ. ಅವರಿಗೆ ಗುಂಡು ತಗುಲಬಾರದು; ಒಂದು ಮಿತಿ ದಾಟಿದರೆ ನಿಮ್ಮ ಕೆಲಸ ವಿಫಲ. ಅವರೊಳಗೆ ಒಬ್ಬ ನಿಮ್ಮ ಕಡೆಯವನು, ಅವನ ಹೆಸರು ಡಾಕ್ಟರ್ ಡೋಕ್. ಹೌದು, ಆಕ್ಸ್‌ಫರ್ಡ್ ಬಿಟ್ಟು ಬಂದ ಅದೇ ಡೋಕ್! ಮುಂದೆ ಸೇಂಟ್ ಪೀಟರ್ಸ್‌ಬರ್ಗಿನ ಬೀದಿಗಳಲ್ಲಿ ನಿಮಗೊಂದು ಟ್ಯಾಂಕೇ ಸಿಗುತ್ತದೆ. ಟ್ಯಾಂಕು ಸಿಕ್ಕ ಹುಡುಗನಿಗೆ ಏನನಿಸುತ್ತದೆ ಹೇಳಬೇಕೆ? ಆದರೆ ಬೀದಿಯಲ್ಲಿ ಪೇಟೆಗೆ ಬಂದ ಜನರಿದ್ದಾರೆ. ಅವರು ಅಡ್ಡ ಬರುತ್ತಾರೆ, ಬೆದರುತ್ತಾರೆ. ಅವರಿಗೆ ಅಪಾಯವಾದರೆ ಮತ್ತೆ ಮೊದಲಿನಿಂದ. ನಟಾಲಿಯಾ ಎಂಬ ಕಂಪ್ಯೂಟರ್ ತಜ್ಞೆ ಕೆಲವು ಹಂತಗಳಲ್ಲಿ ನಿಮ್ಮ ಜೊತೆಗೇ ನಡೆಯುತ್ತಾಳೆ. ಅವಳನ್ನು ಕಾಯುವುದು ಎಷ್ಟು ಹೈರಾಣದ ಕೆಲಸವೆಂದರೆ, ಸರಿಯಾಗಿ ನೀವು ಗುರಿಯಿಟ್ಟ ಗಳಿಗೆಯಲ್ಲೇ ಅವಳು ಅಡ್ಡ ನಿಂತಿರುತ್ತಾಳೆ.

ನನ್ನ ಮಟ್ಟಿಗೆ ಈ ಆಟದ ನಿಜವಾದ ಹೊಸತನ ಇಲ್ಲಿದೆ. ಬಂದೂಕು ಕೊಟ್ಟು, ಯಾರ ಮೇಲೆ ಹಾರಿಸಬಾರದು ಎಂದು ಕೇಳಿದ ಆಟ ಇದು. ಗುರಿ ಹಿಡಿದ ಬೆರಳು ಅರೆಕ್ಷಣ ತಡೆದು, ಎದುರಿಗಿರುವುದು ಬಂದೂಕೋ ಬರಿಗೈಯೋ ಎಂದು ನೋಡಿಕೊಳ್ಳಬೇಕು. ಪಕ್ಕದಲ್ಲಿ ಕೂತ ತಂದೆಗೆ ಈ ಅರೆಕ್ಷಣ ಕಾಣುವುದಿಲ್ಲ. ಕಾಣುವುದು ಬಿದ್ದ ಹೆಣಗಳು ಮಾತ್ರ. ಆಟ ಆಡುವವರಿಗೂ ನೋಡುವವರಿಗೂ ನಡುವೆ ಬೆಳೆಯುವ ಎಷ್ಟೋ ಜಗಳಗಳಿಗೆ ಕಾರಣ ಇದೇ ಇರಬೇಕು. ಇಬ್ಬರೂ ಒಂದೇ ಪರದೆಯಲ್ಲಿ ಬೇರೆ ಬೇರೆ ಸಂಗತಿ ನೋಡುತ್ತಿರುತ್ತಾರೆ.

ಹಾಗೆಂದು ಎಲ್ಲವನ್ನೂ ಸಮರ್ಥಿಸುವಂತಿಲ್ಲ. ತಂಡದವರು ಕಾವಲುಗಾರರ ಚಲನೆಯನ್ನು ನಿಜವಾದ ಮನುಷ್ಯರ ಚಲನೆಯಿಂದ ಹಿಡಿದರು. ಕಾಲಿಗೆ ಗುಂಡು ತಗುಲಿದರೆ ಕಾಲು ಹಿಡಿದುಕೊಳ್ಳುತ್ತಾನೆ, ಕೈಗೆ ತಗುಲಿದರೆ ಕೈ. ತಲೆಯ ಟೋಪಿಯನ್ನು ಮಾತ್ರ ಹಾರಿಸಲೂಬಹುದು. ಸಾಲದ್ದಕ್ಕೆ ಕಾವಲುಗಾರರಿಗೆ ಹಚ್ಚಿದ ಮುಖಗಳು ತಂಡದವರ ಮತ್ತು ಕಚೇರಿಯ ಗೆಳೆಯರ ಫೋಟೋಗಳು! ಪಕ್ಕದ ಮೇಜಿನವನು ಪರದೆಯ ಮೇಲೆ ನಿಮ್ಮ ಗುಂಡಿಗೆ ಬೀಳುತ್ತಾನೆ. ಕಚೇರಿಯಲ್ಲಿ ಅದೊಂದು ತಮಾಷೆ ಆಗಿದ್ದೀತು. ಆದರೆ ಶತ್ರುವಿಗೆ ಒಂದು ಮುಖ, ಒಂದು ಸೀನು, ಒಂದು ನೋವು ಕೊಟ್ಟ ಕೂಡಲೇ ಅವನ ಸಾವು ಹಗುರವಾಗಿ ಉಳಿಯುವುದಿಲ್ಲ. ಮಿಯಾಮೊಟೊ ಅವರಿಗೆ ಈ ಆಟ ದುರಂತವಾಗಿ ಕಂಡದ್ದು ಅದಕ್ಕೇ ಇರಬಹುದು. 'ಡೂಮ್' ರಾಕ್ಷಸರ ಬಗ್ಗೆ ಯಾರೂ ಹಾಗೆ ಮರುಗಲಿಲ್ಲ.

ರಕ್ತದ ವಿಷಯದಲ್ಲಂತೂ ತಂಡವೇ ಹಿಂದೆಗೆಯಿತು. ಮೊದಲಿಗೆ ಗುಂಡು ತಗುಲಿದ ಕಡೆಯಿಂದ ರಕ್ತ ಕಾರಂಜಿಯಂತೆ ಚಿಮ್ಮುವ ಚಿತ್ರಗಳನ್ನು ಬಹಳ ಮುತುವರ್ಜಿಯಿಂದ ತಯಾರಿಸಿದ್ದರು. ನೋಡಿದ ಹಾಲಿಸ್‌ಗೆ ಮೊದಲು ಖುಷಿಯೇ ಆಯಿತಂತೆ. ಆಮೇಲೆ ಕೆಂಪು ಸ್ವಲ್ಪ ಜಾಸ್ತಿಯಾಯಿತೇನೋ ಅನಿಸಿ ತೆಗೆಸಿದರು. ಅಂಗಿಯ ಮೇಲೆ ಒಂದು ಕಲೆ ಮಾತ್ರ ಉಳಿಯಿತು. ಈ ಸಂಗತಿ ಮತ್ತು ಫ್ಯಾಕ್ಸಿನ ಸಂಗತಿ ಎರಡನ್ನೂ ಅವರು ಬಹಿರಂಗವಾಗಿ ಹೇಳಿದ್ದು 2015ರಲ್ಲಿ, ನಾಟಿಂಗ್‌ಹ್ಯಾಮ್‌ನ ಒಂದು ಗೇಮ್ ಉತ್ಸವದಲ್ಲಿ.

ಕೈ ಕುಲುಕುವ ಸಲಹೆ ಏನಾಯಿತು? ಆಸ್ಪತ್ರೆ ಕಟ್ಟಲಿಲ್ಲ. ಅದರ ಬದಲು ಸಿನಿಮಾ ಮುಗಿದಾಗ ಬರುವ ಹೆಸರುಗಳ ಪಟ್ಟಿಯಂತೆ ಆಟದ ಪಾತ್ರಗಳನ್ನೆಲ್ಲ ಒಬ್ಬೊಬ್ಬರಾಗಿ ಪರಿಚಯಿಸುವ ಒಂದು ದೃಶ್ಯ ಸೇರಿಸಿದರು. ಸತ್ತವರೂ ಬರುತ್ತಾರೆ, ಕೊಂದವರೂ ಬರುತ್ತಾರೆ. ಇದು ವೇಷ, ಇಲ್ಲಿ ಯಾರೂ ಸಾಯಲಿಲ್ಲ ಎಂದು ಹೇಳುವುದೇ ಅದರ ಉದ್ದೇಶ ಎಂದು ಹಾಲಿಸ್ ವಿವರಿಸಿದರು. ನಮ್ಮವರಿಗೆ ಇದೇನು ಹೊಸದಲ್ಲ. ರಾತ್ರಿಯಿಡೀ ಭೀಮನಿಂದ ಹೊಡೆಸಿಕೊಂಡ ದುಶ್ಶಾಸನ ಬೆಳಗಿನ ಜಾವ ಚೌಕಿಯಲ್ಲಿ ಭೀಮನ ಪಕ್ಕದಲ್ಲೇ ಕೂತು ಬಣ್ಣ ಒರೆಸಿಕೊಳ್ಳುವುದನ್ನು ಯಕ್ಷಗಾನದ ಊರುಗಳ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ.

ಇಷ್ಟಾದ ಮೇಲೂ ತಂದೆತಾಯಿಗಳ ಪ್ರಶ್ನೆ ಉಳಿಯುತ್ತದೆ: ಇಂಥ ಆಟ ಮಕ್ಕಳನ್ನು ಕೆಡಿಸುತ್ತದೆಯೇ? ಅಮೆರಿಕದಲ್ಲಿ 1994ರಿಂದ ಗೇಮ್‌ಗಳಿಗೆ ವಯಸ್ಸಿನ ಮುದ್ರೆ ಒತ್ತುವ ಪದ್ಧತಿ ಇದೆ. ಈ ಆಟಕ್ಕೆ ಸಿಕ್ಕಿದ್ದು 'ಟೀನ್', ಅಂದರೆ 13 ತುಂಬಿದವರಿಗೆ. ಜರ್ಮನಿ ಇದನ್ನು ಕಿರಿಯರಿಗೆ ಹಾನಿಕರ ಎಂಬ ಪಟ್ಟಿಗೆ ಸೇರಿಸಿತು. 2021ರಲ್ಲಷ್ಟೇ ಪಟ್ಟಿಯಿಂದ ಹೊರಕ್ಕೆ ಬಂತು. 2019ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು 14-15 ವಯಸ್ಸಿನ ಸಾವಿರದಷ್ಟು ಬ್ರಿಟಿಷ್ ಮಕ್ಕಳನ್ನು ಅಧ್ಯಯನ ಮಾಡಿ, ಹಿಂಸೆಯ ಆಟ ಆಡುವುದಕ್ಕೂ ಅವರ ಆಕ್ರಮಣಶೀಲ ನಡತೆಗೂ ನಂಟು ಕಾಣಲಿಲ್ಲ ಎಂದರು. ಮಕ್ಕಳ ನಡತೆಯ ಬಗ್ಗೆ ಮಾಹಿತಿ ಕೊಟ್ಟವರು ಮನೆಯ ದೊಡ್ಡವರೇ ಎಂಬುದನ್ನು ಗಮನಿಸಿ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಇನ್ನೊಂದಿಷ್ಟು ಎಚ್ಚರದ ಮಾತಾಡಿತು: ಕೂಗಾಟ, ತಳ್ಳಾಟದಂಥ ಸಣ್ಣ ವರ್ತನೆಗಳ ಜೊತೆ ಸ್ವಲ್ಪ ನಂಟಿದೆ, ಆದರೆ ನಿಜವಾದ ಹಿಂಸಾಕೃತ್ಯಕ್ಕೆ ಆಟವೇ ಕಾರಣ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದಿತು. ಅಂದರೆ ಪತ್ರಿಕೆ ಓದಿ ಹೆದರುವ ಕಾರಣವಿಲ್ಲ, ಪತ್ರಿಕೆ ಓದಿ ಮೈಮರೆಯುವ ಕಾರಣವೂ ಇಲ್ಲ. ಎಂಟು ವರ್ಷದ ಮಗುವಿಗೆ ಹದಿಮೂರರ ಆಟ ಕೊಡಬಾರದು ಎಂಬುದಕ್ಕೆ ಸಂಶೋಧನೆಯ ಅಗತ್ಯವೂ ಇಲ್ಲ.

ಇನ್ನು ಓದಿನ ಮಾತು. ಆಟದಿಂದ ಓದಿಗೆ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಭೂಪಟ ತೋರಿಸುತ್ತೇನೆ. ಸಿನಿಮಾದ ಸೆಟ್‌ಗಳು ನಿಂತಿದ್ದು ಲಂಡನ್ನಿನ ಹತ್ತಿರದ ಲೀವ್ಸ್‌ಡೆನ್‌ನಲ್ಲಿ, ರೋಲ್ಸ್‌ರಾಯ್ಸ್ ವಿಮಾನ ಎಂಜಿನ್ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯಲ್ಲಿ. (ಮುಂದೆ ಹ್ಯಾರಿ ಪಾಟರ್‌ನ ಶಾಲೆ ಎದ್ದದ್ದೂ ಅದೇ ಜಾಗದಲ್ಲಿ.) ಗೇಮ್ ತಂಡ ಅಲ್ಲಿಗೆ ಹೋಗಿ ಫೋಟೋ ತೆಗೆದು, ಸೆಟ್‌ನ ನಕ್ಷೆಗಳನ್ನು ತಂದು, ಅಳತೆಗೆ ತಕ್ಕಂತೆ ಕೋಣೆಗಳನ್ನು ಪರದೆಯಲ್ಲಿ ಕಟ್ಟಿತು. ಆಟಗಾರ ಎಲ್ಲಿ ಶುರು ಮಾಡಬೇಕು, ಶತ್ರು ಎಲ್ಲಿರಬೇಕು ಎಂಬ ಯೋಚನೆಯನ್ನೇ ಮಾಡದೆ ಮೊದಲು ಕಟ್ಟಡ ಕಟ್ಟಿದರು, ಕೆಲಸಗಳನ್ನು ಆಮೇಲೆ ತುಂಬಿದರು. ಹೀಗಾಗಿ ಏನೂ ನಡೆಯದ ಕೋಣೆಗಳು, ಎಲ್ಲೂ ಮುಟ್ಟದ ಓಣಿಗಳು ಉಳಿದವು. ಅಣೆಕಟ್ಟಿನ ನೀರಿನಾಚೆ ದೂರದಲ್ಲಿ ಒಂದು ದ್ವೀಪ ಕಾಣುತ್ತದೆ; ಅಲ್ಲಿಗೆ ಹೋಗುವ ದಾರಿಯೇ ಇಲ್ಲ. ಕೈಬಿಟ್ಟ ಯೋಜನೆಯೊಂದರ ಪಳೆಯುಳಿಕೆ ಅದು. ವರ್ಷಗಟ್ಟಲೆ ಹುಡುಗರು ಅಲ್ಲಿ ಗುಟ್ಟೇನೋ ಇದೆಯೆಂದು ಹುಡುಕಿದರು. ನಿಜವಾದ ಕಟ್ಟಡಗಳೂ ಹಾಗೆಯೇ ತಾನೆ? ಎಲ್ಲ ಬಾಗಿಲೂ ನಮಗಾಗಿ ಇರುವುದಿಲ್ಲ.

ಕತೆಯ ಕೊನೆಯ ಹೊಡೆದಾಟ ನಡೆಯುವುದು ಒಂದು ದೈತ್ಯ ಆಂಟೆನಾದ ಮೇಲೆ ತೂಗುವ ಅಟ್ಟಣೆಯಲ್ಲಿ. ಕತೆಯಲ್ಲಿ ಅದು ಕ್ಯೂಬಾ. ಸಿನಿಮಾಕ್ಕೆ ಬಳಸಿದ್ದು ಪೋರ್ಟೊರಿಕೋ ದ್ವೀಪದ ಅರೆಸಿಬೊ ರೇಡಿಯೋ ದೂರದರ್ಶಕವನ್ನು. ಬೆಟ್ಟಗಳ ನಡುವಿನ ತಗ್ಗಿನಲ್ಲಿ ಕೂರಿಸಿದ 305 ಮೀಟರ್ ಅಗಲದ ಬಾಣಲೆ ಅದು. 1974ರಲ್ಲಿ ಹಲ್ಸ್ ಮತ್ತು ಟೇಲರ್ ಜೋಡಿ ಪಲ್ಸಾರ್ ಕಂಡುಹಿಡಿದದ್ದು ಅದರ ನೆರವಿನಿಂದ. 1993ರಲ್ಲಿ ಅವರಿಗೆ ಅದಕ್ಕಾಗಿ ಭೌತವಿಜ್ಞಾನದ ನೊಬೆಲ್ ಬಂತು. 2020ರಲ್ಲಿ ಅದರ ಉಕ್ಕಿನ ಹಗ್ಗಗಳು ಒಂದೊಂದಾಗಿ ಕಡಿದು, ಡಿಸೆಂಬರ್ 1ರಂದು ತೂಗುತ್ತಿದ್ದ ಅಟ್ಟಣೆ ಬಾಣಲೆಯ ಮೇಲೆ ಕುಸಿದುಬಿತ್ತು. ಬಾಂಡ್ ಸಿನಿಮಾ ನೋಡಿದ ಎಷ್ಟೋ ಮಂದಿಗೆ ಆ ಸುದ್ದಿ ಕೇಳಿದಾಗ ಮೊದಲು ನೆನಪಾದದ್ದು 006ರ ಸಾವಂತೆ. ನೊಬೆಲ್ ಆಮೇಲೆ.

ಗಣಿತ ಬೇಕೆನ್ನುವವರಿಗೂ ಒಂದಿಷ್ಟು ಇದೆ. ಒಂದು ಹಂತವನ್ನು ನಿಗದಿತ ಸಮಯದೊಳಗೆ ಮುಗಿಸಿದರೆ ಆಟ ಬಹುಮಾನ ಕೊಡುತ್ತದೆ. ಕಾರ್ಖಾನೆಯ ಹಂತವನ್ನು ಅತಿ ಕಷ್ಟದ ಮಟ್ಟದಲ್ಲಿ 2 ನಿಮಿಷ 5 ಸೆಕೆಂಡಿನೊಳಗೆ ಮುಗಿಸಿದವನಿಗೆ ಸಾವೇ ಇಲ್ಲದ ವರ. ತೊಂದರೆಯೆಂದರೆ ಡಾಕ್ಟರ್ ಡೋಕ್ ಪ್ರತಿ ಸಲವೂ ಬೇರೆ ಬೇರೆ ಕಡೆ ನಿಂತಿರುತ್ತಾನೆ. ಅವನನ್ನು ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಈ ಓಟದ ಹುಚ್ಚು ಹಿಡಿದವರು ಕಂಡುಕೊಂಡ ಉಪಾಯಗಳು ಎರಡು. ಮುಂದಕ್ಕೆ ಮತ್ತು ಪಕ್ಕಕ್ಕೆ ಏಕಕಾಲಕ್ಕೆ ನಡೆದರೆ ನೇರ ಓಟಕ್ಕಿಂತ ವೇಗ ಹೆಚ್ಚು. ಲಂಬಕೋನ ತ್ರಿಭುಜದ ಕರ್ಣ ಉಳಿದೆರಡು ಬಾಹುಗಳಿಗಿಂತ ಯಾವಾಗಲೂ ಉದ್ದ ಎಂದು ಶಾಲೆಯಲ್ಲಿ ಕಲಿತದ್ದು ಇಲ್ಲಿ ಕಾಲಿಗೆ ಬಂತು! ಎರಡನೆಯದು, ನೆಲ ನೋಡಿಕೊಂಡು ಓಡುವುದು. ದೂರದ ನೋಟ ಬಿಡಿಸುವ ಹೊರೆ ಇಳಿದು ಬಡ ಯಂತ್ರ ಚುರುಕಾಗುತ್ತದೆ. ಇಷ್ಟೆಲ್ಲ ಮಾಡಿ ಅಣೆಕಟ್ಟಿನ ಸುಲಭ ಮಟ್ಟವನ್ನು 2002ರಲ್ಲಿ 53 ಸೆಕೆಂಡಿಗೆ ಇಳಿಸಿದರು. ಅದನ್ನು 52 ಮಾಡಲು 2017ರವರೆಗೆ ಕಾಯಬೇಕಾಯಿತು. ಒಂದು ಸೆಕೆಂಡಿಗೆ ಹದಿನೈದು ವರ್ಷ! ಇದನ್ನು ಸಾಧನೆ ಎನ್ನಬೇಕೋ ಗೀಳು ಎನ್ನಬೇಕೋ ಎಂದು ಮನೆಯಲ್ಲಿ ಚರ್ಚಿಸಬಹುದು. ನನಗಂತೂ ಎರಡೂ ಹೌದು ಅನಿಸುತ್ತದೆ.

ಕೊನೆಯದಾಗಿ, ಈ ಆಟವನ್ನು ಜಗತ್ಪ್ರಸಿದ್ಧ ಮಾಡಿದ ಭಾಗ ಮೊದಲ ಯೋಜನೆಯಲ್ಲಿ ಇರಲೇ ಇಲ್ಲ. ಬಿಡುಗಡೆಗೆ ಕೆಲವೇ ತಿಂಗಳಿದ್ದಾಗ ಸ್ಟೀವ್ ಎಲ್ಲಿಸ್ ಎಂಬ ಪ್ರೋಗ್ರಾಮರ್ ಕೂತು, ನಾಲ್ಕು ಜನ ಒಟ್ಟಿಗೆ ಆಡುವ ವ್ಯವಸ್ಥೆ ಸೇರಿಸಿದರು. ಅದು ಕೆಲಸ ಮಾಡಿ ತೋರಿಸುವವರೆಗೂ ಆಡಳಿತದವರಿಗೆ ಸುದ್ದಿಯೇ ಇರಲಿಲ್ಲವಂತೆ. ಯಂತ್ರಕ್ಕೆ ನಾಲ್ಕು ಕಂಟ್ರೋಲರ್ ಚುಚ್ಚುವ ಜಾಗವಿತ್ತು. ಟಿ.ವಿ. ಪರದೆ ನಾಲ್ಕು ತುಂಡಾಗುತ್ತಿತ್ತು, ಒಬ್ಬೊಬ್ಬರಿಗೆ ಒಂದು ಮೂಲೆ. ಅವಿತುಕೊಳ್ಳುವುದು ಕಷ್ಟ, ಏಕೆಂದರೆ ನಿಮ್ಮ ಮೂಲೆ ಪಕ್ಕದವನಿಗೂ ಕಾಣುತ್ತದೆ. ನನ್ನ ಪರದೆ ನೋಡಬೇಡ ಎಂಬ ಜಗಳ ಅಮೆರಿಕ, ಇಂಗ್ಲೆಂಡಿನ ಮನೆಮನೆಯ ಮಾತಾಯಿತು. ಪರೀಕ್ಷೆಯಲ್ಲಿ ನಕಲು ಹೊಡೆಯುವವರಿಗೆ ಸೊಗಸಾದ ತರಬೇತಿ ಎನ್ನಿ! ನಾಲ್ವರೂ ಒಂದೇ ಸೋಫಾದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಿದ್ದರು. ಸತ್ತವನು ಮುಖ ಸಿಂಡರಿಸಿದ್ದು ಕೊಂದವನಿಗೆ ಅಲ್ಲೇ ಕಾಣುತ್ತಿತ್ತು. ಮುಂದಿನ ಸುತ್ತಿಗೆ ಮುನ್ನ ಯಾರದೋ ತಾಯಿ ತಿಂಡಿ ತಂದಿಡುತ್ತಿದ್ದರು. ಆಸ್ಪತ್ರೆಯ ದೃಶ್ಯವನ್ನು ತಂಡ ಕಟ್ಟಲಿಲ್ಲವಾದರೂ ಕೈ ಕುಲುಕುವ ಸಂದರ್ಭ ಮಕ್ಕಳಿಗೆ ದಿನವೂ ಒದಗುತ್ತಿತ್ತು.

ಇಂದಿನ ಆಟಗಳಲ್ಲಿ ಎದುರಾಳಿ ಸಾವಿರಾರು ಮೈಲು ದೂರದ ಅಪರಿಚಿತ. ಆಟಕ್ಕೆ ಕೊನೆಯಿಲ್ಲ, ಅಂಗಿ, ಟೋಪಿ, ಬಂದೂಕಿನ ಬಣ್ಣ ಎಲ್ಲಕ್ಕೂ ದುಡ್ಡು. ಗೋಲ್ಡನ್‌ಐಗೆ 18 ಹಂತಗಳು, ಗೆದ್ದವರಿಗೆ ಇನ್ನೆರಡು. ಅಲ್ಲಿಗೆ ಮುಗಿಯಿತು. ಊಟಕ್ಕೆ ಕರೆದಾಗ ಎದ್ದುಬರಬಹುದು. ಎದ್ದೇಳುವಾಗ ಗುಂಡಿ ಒತ್ತಿದರೆ ಬಾಂಡ್ ಮಣಿಕಟ್ಟಿನ ಗಡಿಯಾರ ಎತ್ತಿ ನೋಡುತ್ತಾನೆ, ಆಟ ನಿಲ್ಲುತ್ತದೆ. ಮಕ್ಕಳು ಗಡಿಯಾರ ನೋಡುವುದನ್ನು ಕಂಡ ತಾಯಂದಿರಿಗೆ ಅಷ್ಟರಮಟ್ಟಿಗಾದರೂ ಸಮಾಧಾನ.

ಹಕ್ಕುಗಳ ತಕರಾರಿನಿಂದ ಆಟ ಬಹುಕಾಲ ಹಳೆಯ ಕ್ಯಾಸೆಟ್ಟಿನಲ್ಲೇ ಉಳಿದಿತ್ತು. 'ರೇರ್' ಸಂಸ್ಥೆಯನ್ನು 2002ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, ಆಟ ಪ್ರಕಟಿಸಿದ್ದು ನಿಂಟೆಂಡೊ, ಬಾಂಡ್ ಇನ್ನೊಬ್ಬರ ಸ್ವತ್ತು. ಮೂವರೂ ಒಪ್ಪಿದ ಮೇಲೆ 2023ರ ಜನವರಿಯಲ್ಲಿ ನಿಂಟೆಂಡೊ ಮತ್ತು ಮೈಕ್ರೋಸಾಫ್ಟ್ ಎರಡೂ ಕಂಪನಿಗಳ ಹೊಸ ಯಂತ್ರಗಳಿಗೆ ಅದು ಮರಳಿ ಬಂತು. 2025ರಲ್ಲಿ ಅಮೆರಿಕದ ವಿಶ್ವ ವಿಡಿಯೋ ಗೇಮ್ ಗೌರವ ಪಟ್ಟಿಗೂ ಸೇರಿತು. ಹೊಸ ಕಣ್ಣಿಗೆ ಚಿತ್ರಗಳು ಒರಟಾಗಿ ಕಾಣುತ್ತವೆ, ಮುಖಗಳು ಚೌಕವಾಗಿವೆ. ಮೊದಲ ಅರ್ಧ ಗಂಟೆ ಬಾಂಡ್ ಗೋಡೆಗೆ ಮೂಗು ತಿಕ್ಕಿಕೊಂಡು ತಿರುಗುತ್ತಾನೆ.

ಮಗ ಅಥವಾ ಮಗಳು ಕರೆದರೆ ಒಂದು ಮೂಲೆ ಹಿಡಿದು ಕೂತು ನೋಡಿ. ಬಂದೂಕು ಬೇಡವೆಂದರೆ ಬರಿಗೈಯಲ್ಲಿ ಏಟು ಕೊಡುವ ಆಟವನ್ನೂ ಆರಿಸಿಕೊಳ್ಳಬಹುದು. ನಾಲ್ವರು ಗೂಢಚಾರರು ಬೀದಿ ಜಗಳದವರಂತೆ ಗಾಳಿಯಲ್ಲಿ ಕೈ ಬೀಸುತ್ತ ಸುತ್ತುವುದು ನೋಡಲು ಬಲು ಮಜಾ. ಒಂದೇ ಎಚ್ಚರಿಕೆ. ಪಾತ್ರ ಆರಿಸಿಕೊಳ್ಳುವಾಗ ಆಡ್‌ಜಾಬ್ ಎಂಬ ಗಿಡ್ಡನನ್ನು ಮುಟ್ಟಬೇಡಿ. ಅವನು ಎಷ್ಟು ಕುಳ್ಳಗಿದ್ದಾನೆಂದರೆ ನೇರ ಗುರಿಗೆ ಸಿಗುವುದೇ ಇಲ್ಲ. ಅವನನ್ನು ಆರಿಸಿಕೊಳ್ಳುವುದು ಮೋಸವೇ ಸರಿ ಎಂದು ಆಟ ತಯಾರಿಸಿದವರೇ 2018ರಲ್ಲಿ ಒಪ್ಪಿಕೊಂಡಿದ್ದಾರೆ. ಮಕ್ಕಳು ಮಾತ್ರ ಅವನನ್ನೇ ನಿಮಗಿಂತ ಮೊದಲು ಆರಿಸಿಕೊಂಡಿರುತ್ತಾರೆ.